ಒಂಬತ್ತು ವರ್ಷದ ಬರ್ಬನ್ನೂ ನಮ್ಮ ನಾಲಿಗೆಯೂ



ತಲೆಬರಹ ನೋಡಿ ಹಲವರು ಹುಬ್ಬೇರಿಸುವರೆಂಬುದನ್ನು ಬಲ್ಲೆವು. ಮೈಲುತುತ್ತದ ದರ, ಗೊಬ್ಬರದ ದಾಸ್ತಾನು, ಬೋರರ್ ಹುಳದ ಕಾಟ ಇವುಗಳ ನಡುವೆ ಸಂಘದ ಪತ್ರಿಕೆಯಲ್ಲಿ ಮದ್ಯದ ಮಾತೇಕೆಂದು ಕೇಳುವುದು ಸಹಜವೇ. ಬರ್ಬನ್ ಬಗ್ಗೆ ಬರೆಯುತ್ತೇವೆಂದಾಗ ನಮ್ಮ ಗುಮಾಸ್ತರು "ಬೋರ್ಡೋ ದ್ರಾವಣದ ಬಗ್ಗೆ ತಾನೇ ಸಾರ್?" ಎಂದರು. ಆಡಳಿತ ಮಂಡಲಿಯ ಕಿರಿಯ ಸದಸ್ಯರೊಬ್ಬರು ಬಿಸ್ಕತ್ತಿನ ವಿಷಯವೆಂದುಕೊಂಡರು. ಕಾಫಿಯಲ್ಲಿಯೂ ಬರ್ಬನ್ ಎಂಬ ಅರೇಬಿಕಾ ತಳಿಯೊಂದುಂಟು, ಹಿಂದೆ ಬರ್ಬನ್ ಎಂದೇ ಕರೆಯುತ್ತಿದ್ದ ರಿಯೂನಿಯನ್ ದ್ವೀಪದಿಂದ ಅದಕ್ಕೆ ಆ ಹೆಸರು. ಇವು ಯಾವುವೂ ಅಲ್ಲ. ನಾವು ಹೇಳಹೊರಟಿರುವುದು ಅಮೆರಿಕದ ಕೆಂಟಕಿ ಸಂಸ್ಥಾನದ ವಿಸ್ಕಿಯ ಬಗ್ಗೆ.

ಮದ್ಯ ಮುಟ್ಟದ ಮನೆಗಳು ನಮ್ಮ ಸಂಘದಲ್ಲಿ ಬಹಳವಿವೆ. ಶನಿವಾರದ ಬಟವಾಡೆ ಶನಿವಾರ ರಾತ್ರಿಯೇ ಕರಗಿ, ಲೈನ್ ಮನೆಗಳಲ್ಲಿ ಹೆಂಗಸರು ಮಕ್ಕಳು ಪಡುವ ಪಾಡನ್ನು ನಾವೂ ಕಂಡಿದ್ದೇವೆ. ಕುಡಿತವನ್ನು ಹೊಗಳುವುದು ಈ ಬರಹದ ಉದ್ದೇಶವಲ್ಲ. ರುಚಿ ನೋಡಿ ತೀರ್ಪು ಹೇಳುವುದು ಎಂಬ ಕೆಲಸವೊಂದಿದೆಯಲ್ಲ, ಅದರ ಬಗ್ಗೆ ನಮಗೆ ಈಚೆಗೆ ಒಂದು ಪಾಠವಾಯಿತು. ಅದು ಕಾಫಿಯಿಂದ ಆಗದೆ ಬರ್ಬನ್ನಿನಿಂದ ಆಯಿತು. ಆದದ್ದನ್ನು ಆದಂತೆಯೇ ಹೇಳಬೇಕಷ್ಟೆ.

ಮೊದಲು ಹಿನ್ನೆಲೆ. ಕಳೆದ ಸಾಲಿನಲ್ಲಿ ಮೂವರು ಸದಸ್ಯರ ಪಾರ್ಚ್‌ಮೆಂಟ್ ಕಾಫಿಯನ್ನು ಒಟ್ಟು ಮಾಡಿ ಒಬ್ಬ ಖರೀದಿದಾರರಿಗೆ ಕಳುಹಿಸಿದ್ದೆವು. ಬೀಜ ನೋಡಲು ಚೆನ್ನಾಗಿತ್ತು, ತೇವಾಂಶ ಸರಿಯಿತ್ತು, ಔಟ್‌ಟರ್ನ್ ಬಗ್ಗೆ ತಕರಾರಿರಲಿಲ್ಲ. ಹದಿನೈದು ದಿನ ಕಳೆದು ಒಂದು ಚೀಟಿ ಬಂತು: ಕಪ್ಪಿನಲ್ಲಿ ಹುಳಿತ ವಾಸನೆ ಇದೆ, ಆದ್ದರಿಂದ ದರದಲ್ಲಿ ಕಡಿತ. ಆ ವಾಸನೆ ಇತ್ತೋ ಇಲ್ಲವೋ ನಮಗೆ ಇಂದಿಗೂ ಗೊತ್ತಿಲ್ಲ. ಇಲ್ಲವೆನ್ನಲು ನಮ್ಮಲ್ಲಿ ಒಬ್ಬರಿಗೂ ಧೈರ್ಯವಿರಲಿಲ್ಲ, ಇದೆಯೆಂದು ಒಪ್ಪಲು ಜ್ಞಾನವೂ ಇರಲಿಲ್ಲ. ಮೂವತ್ತು ವರ್ಷ ಕಾಫಿ ಬೆಳೆದ ನಾವು, ನಮ್ಮ ಕಾಫಿಯ ರುಚಿ ಏನೆಂದು ಬೇರೊಬ್ಬರು ಹೇಳಿದ್ದಕ್ಕೆ ತಲೆ ತಗ್ಗಿಸಿ ಸಹಿ ಹಾಕಿದೆವು. ಆ ಮೂವರಲ್ಲಿ ಇಬ್ಬರು ಎರಡೆರಡು ಎಕರೆಯವರು.

ಇದೇ ಕಾರಣಕ್ಕೆ ಮಹಾಸಭೆಯಲ್ಲಿ ಸಂಘಕ್ಕೊಂದು ಸಣ್ಣ ಸ್ಯಾಂಪಲ್ ರೋಸ್ಟರ್, ಒಂದು ಗ್ರೈಂಡರ್, ಎರಡು ಡಜನ್ ಬಟ್ಟಲುಗಳನ್ನು ಕೊಳ್ಳುವ ವಿಷಯ ಮಂಡಿಸಿದೆವು. ಹಿರಿಯ ಸದಸ್ಯರೊಬ್ಬರು ಎದ್ದು, "ಸೆಕ್ರೆಟ್ರಿಗಳೇ, ನಾಲಿಗೆ ಚಪಲಕ್ಕೆ ಸಂಘದ ದುಡ್ಡೇ? ರುಚಿ ಅನ್ನೋದು ಅವರವರ ಬಾಯಿಗೆ ಬಿಟ್ಟದ್ದು. ತಕ್ಕಡೀಲಿ ಹಾಕಿ ತೂಗಕ್ಕಾಗುತ್ತಾ?" ಎಂದರು. ಸಭೆ ನಕ್ಕಿತು. ವಿಷಯ ಮುಂದಿನ ಸಭೆಗೆ ಹೋಯಿತು. ಅವರು ನಮಗೆ ತಂದೆಯ ಸಮಾನರು. ಅಂದು ಉತ್ತರ ಕೊಡಲು ನಮಗೆ ತೋಚಲಿಲ್ಲ. ತಡವಾಗಿಯಾದರೂ ಇಲ್ಲಿ ಕೊಡುತ್ತಿದ್ದೇವೆ.

ಅಮೆರಿಕದಲ್ಲಿ ಇಂಜಿನಿಯರಾಗಿರುವ ನಮ್ಮ ಅಕ್ಕನ ಮಗ ರಜೆಯಲ್ಲಿ ಬಂದಾಗ ಎರಡು ಶೀಸೆ ತಂದಿದ್ದ. ಒಂದು ನಾಬ್ ಕ್ರೀಕ್, ಒಂಬತ್ತು ವರ್ಷದ್ದು. ಅಲ್ಲಿನ ಅಂಗಡಿಗಳಲ್ಲಿ 35-40 ಡಾಲರ್ ಆಸುಪಾಸಿನ ಸರಕು. ಇನ್ನೊಂದು ಇವಾನ್ ವಿಲಿಯಮ್ಸ್ ಬಿಳಿ ಚೀಟಿಯದು, ಅದರ ಸುಮಾರು ಅರ್ಧ ಬೆಲೆಗೆ ಸಿಗುವಂಥದು. "ಮಾವ, ಅಲ್ಲಿ ಒಳ್ಳೆಯ ಹಳೆಯ ಬರ್ಬನ್ ಕಡಮೆ ಬೆಲೆಗೆ ಬೇಕೆಂದರೆ ಬಹಳ ಜನ ಹೇಳುವುದು ಈ ನಾಬ್ ಕ್ರೀಕನ್ನೇ" ಎಂದ. ಬಹಳ ಜನ ಹೇಳಿದ್ದನ್ನು ಪರೀಕ್ಷಿಸಿಯೇ ನೋಡೋಣವೆಂದು ನಾವು ಹಟ ಹಿಡಿದೆವು. ಪರೀಕ್ಷೆ ನಮ್ಮ ಮನೆಯ ಜಗಲಿಯಲ್ಲಿ ನಡೆಯಿತು. ಸಂಘದ ಒಂದು ಪೈಸೆಯೂ ಖರ್ಚಾಗಿಲ್ಲ. ಲೆಕ್ಕ ಪರಿಶೋಧಕರು ನೆಮ್ಮದಿಯಿಂದಿರಬಹುದು.

ಪರೀಕ್ಷೆಯ ಮಾತಿಗೆ ಮುಂಚೆ ಸರಕೇನೆಂಬುದು ತಿಳಿದಿರಬೇಕು. ಬರ್ಬನ್ ಮುಸುಕಿನ ಜೋಳದ ವಿಸ್ಕಿ. ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಜೋಳವೇ ಇರಬೇಕೆಂದು ಅಲ್ಲಿನ ಕಾನೂನು. ಉಳಿದದ್ದು ರೈ ಇಲ್ಲವೇ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟು ತಿಳಿ. ಅದನ್ನು ತುಂಬಬೇಕಾದದ್ದು ಒಳಮೈಯನ್ನು ಬೆಂಕಿಯಲ್ಲಿ ಕರಿಕಾಗುವಂತೆ ಸುಟ್ಟ ಹೊಸ ಓಕ್ ಮರದ ಪೀಪಾಯಿಗೆ. ಒಂದೊಂದರಲ್ಲಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರು ಹಿಡಿಯುತ್ತದೆ. ಕೆಂಪು ಮಿಶ್ರಿತ ಕಂದು ಬಣ್ಣವೆಲ್ಲ ಆ ಮರದ್ದೇ, ರುಚಿಯ ದೊಡ್ಡ ಪಾಲೂ ಮರದ್ದೇ. ಸ್ಟ್ರೇಟ್ ಬರ್ಬನ್ ಎಂದು ಬರೆದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಇದ್ದಿರಬೇಕು, ಹೊರಗಿನ ಬಣ್ಣವಾಗಲಿ ಸುವಾಸನೆಯಾಗಲಿ ಸೇರಿರಕೂಡದು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಬಾರದು. ಹಾಗಾಗಿ ಹಳೆಯ ಪೀಪಾಯಿಗಳು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಮೊದಲು ಮಾರಾಟಕ್ಕಿಳಿದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಹಣ್ಣಾಗುವುದು ಬಹುಮಟ್ಟಿಗೆ ಇಂಥ ಪೀಪಾಯಿಗಳಲ್ಲಿಯೇ.

ಕೆಂಟಕಿಯ ಉಗ್ರಾಣಗಳು ಏಳು-ಒಂಬತ್ತು ಅಂತಸ್ತಿನ ಅಟ್ಟಗಳಿದ್ದಂತೆ. ಬೇಸಿಗೆಯ ಸೆಖೆಗೆ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹಿಂದಕ್ಕೆ ಬರುತ್ತದೆ. ಹೀಗೆ ಹೋಗಿ ಬಂದು ಮಾಡುವಾಗ ಸುಟ್ಟ ಮರದ ಸಕ್ಕರೆ, ಒಗರು, ವಾಸನೆಗಳನ್ನು ಹೀರಿಕೊಳ್ಳುತ್ತದೆ. ಮೇಲಿನ ಅಟ್ಟದ್ದು ಬೇಗ ಮಾಗುತ್ತದೆ, ಕೆಳಗಿನದು ನಿಧಾನ. ಅಟ್ಟದ ಮೇಲಿನ ಅಡಿಕೆಯೂ ನೆಲದ ಮೇಲಿನ ಅಡಿಕೆಯೂ ಒಂದೇ ದಿನ ಒಣಗುವುದಿಲ್ಲವೆಂಬುದು ನಮಗೇನು ಹೊಸದಲ್ಲ. ಈ ನಡುವೆ ಪ್ರತಿ ವರ್ಷ ನೂರಕ್ಕೆ ಮೂರರಿಂದ ಐದು ಪಾಲು ಆವಿಯಾಗಿ ಹೋಗುತ್ತದೆ. ಇದನ್ನು ಅವರು ದೇವತೆಗಳ ಪಾಲೆನ್ನುತ್ತಾರೆ. ಒಂಬತ್ತು-ಹತ್ತು ವರ್ಷಕ್ಕೆ ಮೂರರಲ್ಲೊಂದು ಪಾಲು ಹೋಗಿರುವುದು ಸಾಮಾನ್ಯ. ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟೋ ಇನ್ನೂ ಹೆಚ್ಚೋ ಹೋಗುತ್ತದೆಂದರೆ ಇಲ್ಲಿನ ದೇವತೆಗಳ ಬಾಯಾರಿಕೆ ಎಷ್ಟೆಂದು ಊಹಿಸಬಹುದು. ಹಳೆಯ ಬರ್ಬನ್ನಿಗೆ ಬೆಲೆ ಹೆಚ್ಚಾಗುವುದಕ್ಕೆ ಈ ನಷ್ಟ, ಕಟ್ಟಿಹಾಕಿದ ಬಂಡವಾಳದ ಬಡ್ಡಿ, ಉಗ್ರಾಣದ ಖರ್ಚು ಇವೇ ಮುಖ್ಯ ಕಾರಣ. ಆದರೆ ವೆಚ್ಚ ಹೆಚ್ಚಿದ ಮಾತ್ರಕ್ಕೆ ರುಚಿ ಹೆಚ್ಚಿತೆಂದು ಅರ್ಥವಲ್ಲ.

ಚೀಟಿಯ ಮೇಲಿನ ವರ್ಷದ ಅಂಕೆಯ ಬಗ್ಗೆಯೂ ಒಂದು ಮಾತು. ಒಂಬತ್ತು ಎಂದರೆ ಶೀಸೆಯೊಳಗಿನ ಅತ್ಯಂತ ಎಳೆಯ ವಿಸ್ಕಿ ಒಂಬತ್ತು ವರ್ಷದ್ದು, ಉಳಿದದ್ದು ಅದಕ್ಕಿಂತ ಹಳೆಯದಿರಬಹುದು, ಎಳೆಯದಿರಲಾರದು. 1897ರಲ್ಲಿ ಅಮೆರಿಕ ಸರ್ಕಾರ 'ಬಾಟಲ್ಡ್ ಇನ್ ಬಾಂಡ್' ಎಂಬ ಕಾಯಿದೆಯನ್ನೂ ತಂದಿತು. ಆ ಕಾಲದಲ್ಲಿ ಹಸಿ ಮದ್ಯಕ್ಕೆ ಬಣ್ಣ, ವಾಸನೆ ಬೆರೆಸಿ ಹಳೆಯದೆಂದು ಮಾರುವವರು ಹೆಚ್ಚಿದ್ದರು. ಚೊಗರಿನ ಬದಲು ಅಂಗಡಿಯ ಬಣ್ಣ ಹಾಕಿ ಕೆಂಪಡಿಕೆಯೆಂದು ಸಾಗಿಸುವವರ ಹಾಗೆ. ಕಾಯಿದೆಯ ಪ್ರಕಾರ ಆ ಹೆಸರು ಹಾಕಬೇಕಾದರೆ ಒಂದೇ ಭಟ್ಟಿಯ, ಒಂದೇ ಹಂಗಾಮಿನ ಮದ್ಯವಾಗಿರಬೇಕು, ಸರ್ಕಾರದ ಉಸ್ತುವಾರಿಯ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಇರಬೇಕು, ನೂರಕ್ಕೆ ಸರಿಯಾಗಿ 50 ಪಾಲು ಮದ್ಯಸಾರ ಇರಬೇಕು. ನಮ್ಮ ಬಿಳಿ ಚೀಟಿಯ ಶೀಸೆ ಇಂಥದು. ನಾಬ್ ಕ್ರೀಕಿನದೂ 50 ಪಾಲೇ. ಬಲ ಸಮವಾಗಿದ್ದರಿಂದ ಪರೀಕ್ಷೆಗೆ ಒಳ್ಳೆಯ ಜೋಡಿಯಾಯಿತು.

ಮೂರನೆಯದಾಗಿ ನಮ್ಮ ಪೇಟೆಯಲ್ಲಿ ಸಿಗುವ ಒಂದು ಸಾಧಾರಣ ವಿಸ್ಕಿಯನ್ನು ಸೇರಿಸಿದೆವು. ಅದರ ಬಲ 42.8. ಬಲದ ವ್ಯತ್ಯಾಸದಿಂದಲೇ ಗುರುತು ಸಿಕ್ಕಿಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ. ಆದ್ದರಿಂದ ಬರ್ಬನ್ ಎರಡಕ್ಕೂ 60 ಮಿಲಿಗೆ 10 ಮಿಲಿಯಂತೆ ನೀರು ಬೆರೆಸಿ ಅದೇ ಬಲಕ್ಕೆ ಇಳಿಸಿದೆವು. ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತು. ಕೂತವರು ಐದು ಮಂದಿ, ಇಟ್ಟದ್ದು ನಾಲ್ಕು ಲೋಟ, ಮದ್ಯ ಮಾತ್ರ ಮೂರೇ. ನಾಬ್ ಕ್ರೀಕನ್ನು ಎರಡು ಲೋಟಗಳಿಗೆ ಹಾಕಿ, ಯಾವುವೆಂದು ತಿಳಿಸದೆ, ನಮ್ಮ ಅಳಿಯ ಅಡುಗೆಮನೆಯಿಂದ ತಂದಿಟ್ಟ. ಒಂದೇ ಸರಕಿಗೆ ಒಬ್ಬನೇ ಎರಡು ಬೇರೆ ಅಂಕ ಕೊಟ್ಟರೆ ಅವನ ನಾಲಿಗೆ ಇನ್ನೂ ಪಳಗಿಲ್ಲವೆಂದು ಅರ್ಥ.

ಮೊದಲ ದಿನದ ಫಲಿತಾಂಶ ಹೇಳಲು ನಾಚಿಕೆಯಾಗುತ್ತದೆ. ಐವರಲ್ಲಿ ಒಬ್ಬರೂ ಆ ಜೋಡಿಯನ್ನು ಹಿಡಿಯಲಿಲ್ಲ. ಇಬ್ಬರು ಒಂದೇ ನಾಬ್ ಕ್ರೀಕಿಗೆ ಒಂದು ಲೋಟದಲ್ಲಿ ಎಲ್ಲಕ್ಕಿಂತ ಹೆಚ್ಚು, ಇನ್ನೊಂದರಲ್ಲಿ ಎಲ್ಲಕ್ಕಿಂತ ಕಡಮೆ ಅಂಕ ಕೊಟ್ಟರು. ಹಾಗೆ ಕೊಟ್ಟವರಲ್ಲಿ ನಾವೂ ಒಬ್ಬರು. ಪೇಟೆಯ ವಿಸ್ಕಿಯನ್ನು ಒಬ್ಬರು "ಇದೇ ನೋಡಿ ಅಮೆರಿಕದ್ದು" ಎಂದು ಹಸ್ತಾಕ್ಷರ ಸಮೇತ ಬರೆದುಕೊಟ್ಟರು. ಹಿರಿಯ ಸದಸ್ಯರು ಅಲ್ಲಿದ್ದಿದ್ದರೆ ಗೆದ್ದೆವೆಂದು ಎದ್ದು ಹೋಗುತ್ತಿದ್ದರು.

ರಾತ್ರಿ ಮಲಗಿ ಯೋಚಿಸಿದಾಗ ತಪ್ಪು ತಿಳಿಯಿತು. ಐವರಲ್ಲಿ ಮೂವರು ಎಲೆಯಡಿಕೆ ಜಗಿದು ಬಂದಿದ್ದರು. ಊಟ ಕೋಳಿ ಸಾರಿನದಾಗಿತ್ತು. ದೇವರ ಮನೆಯ ಊದುಬತ್ತಿ ಜಗಲಿಯವರೆಗೂ ಹರಡಿತ್ತು. ಮೇಲಾಗಿ ನಾವು ಮದ್ಯವನ್ನು ನುಂಗಿದ್ದೆವೇ ಹೊರತು ನೋಡಿರಲಿಲ್ಲ. ಮಾರನೆಯ ದಿನ ಕ್ರಮ ಬದಲಾಯಿತು. ಸಂಜೆ ಐದಕ್ಕೆ, ಊಟಕ್ಕೆ ಮುಂಚೆ. ಎಲೆಯಡಿಕೆ ನಿಷೇಧ. ಅಡಿಕೆ ಬೆಳೆಗಾರರ ಸಂಘದ ಕಾರ್ಯದರ್ಶಿ ಅಡಿಕೆಯನ್ನು ನಿಷೇಧಿಸಿದ್ದು ಇತಿಹಾಸದಲ್ಲಿ ಇದೇ ಮೊದಲಿರಬಹುದು. ಮೊದಲು ನಾಲ್ಕನ್ನೂ ಮೂಸಿ ಮಾತ್ರ ನೋಡಿ, ಬಾಯಿಯನ್ನು ಕೊಂಚ ತೆರೆದು, ತೋಚಿದ್ದನ್ನು ಬರೆಯಬೇಕು. ಆಮೇಲೆ ಅರ್ಧ ಚಮಚದಷ್ಟು ಬಾಯಲ್ಲಿ ಹೊರಳಿಸಿ ಉಗುಳಬೇಕು. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಬರಿಯ ಉರಿ. ಎರಡನೆಯ ಗುಟುಕಿಗೇ ಅಂಕ. ನಡುವೆ ನೀರು, ಉಪ್ಪಿಲ್ಲದ ಗಂಜಿಯ ಒಂದು ತುತ್ತು. ಯಾರೂ ಮಾತಾಡಕೂಡದು, ಏಕೆಂದರೆ ಒಬ್ಬರು "ಆಹಾ" ಎಂದರೆ ಉಳಿದವರ ನಾಲಿಗೆ ಅವರ ಹಿಂದೆ ಹೋಗುತ್ತದೆ. ಕೊನೆಗೆ ಖಾಲಿ ಲೋಟವನ್ನು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮೂಸಬೇಕು. ಹುಸಿ ಸುವಾಸನೆ ಅಷ್ಟರಲ್ಲಿ ಹಾರಿಹೋಗಿರುತ್ತದೆ, ಮರದ್ದು ಅಲ್ಲಿಯೇ ಕೂತಿರುತ್ತದೆ.

ಆ ದಿನ ಐವರಲ್ಲಿ ನಾಲ್ವರು ಜೋಡಿಯನ್ನು ಹಿಡಿದರು.

ಈಗ ನಮ್ಮ ತೀರ್ಪು. ನಾಬ್ ಕ್ರೀಕಿನಲ್ಲಿ ಮೊದಲು ಮೂಗಿಗೆ ಹತ್ತುವುದು ಹುರಿದ ಕಡಲೆಕಾಯಿ ಬೀಜದ ವಾಸನೆ. ನಾಲ್ವರು ಬೇರೆಬೇರೆ ಕೂತು ಅದನ್ನೇ ಬರೆದಿದ್ದರು. ಅದರ ಹಿಂದೆ ಪಾಕಕ್ಕೆ ಬಂದ ಜೋನಿಬೆಲ್ಲ, ಆಮೇಲೆ ವೆನಿಲ್ಲಾ. ಈ ವೆನಿಲ್ಲಾ ವಾಸನೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2003ರ ಸುಮಾರಿನ ಬೆಲೆ ನಂಬಿ ಬಳ್ಳಿ ನೆಟ್ಟು, ಬೆಲೆ ಕುಸಿದಾಗ ಕೈ ಸುಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಓಕ್ ಮರವನ್ನು ಸುಟ್ಟಾಗ ಅದರ ನಾರಿನ ಅಂಶ ಒಡೆದು ಹುಟ್ಟುವ ವೆನಿಲಿನ್ನೂ ನಮ್ಮ ಕೋಡಿನಲ್ಲಿದ್ದ ವೆನಿಲಿನ್ನೂ ಒಂದೇ ವಸ್ತು. ಬಾಯಿಗೆ ಬಂದಾಗ ಸಿಹಿ ಮುಂದೆ, ಕರಿಮೆಣಸಿನಂಥ ಖಾರ ನಡುವೆ, ಕೊನೆಯಲ್ಲಿ ಮರದ ಒಗರು. ಒಗರಿನ ವಿಷಯದಲ್ಲಿ ಅಡಿಕೆಯವರ ನಾಲಿಗೆಯನ್ನು ಮೀರಿಸುವವರಿಲ್ಲವಾದ್ದರಿಂದ ಇಷ್ಟನ್ನು ಧೈರ್ಯವಾಗಿ ಹೇಳುತ್ತೇವೆ: ಒಗರು ಕೊನೆಗೆ ಒಂದು ಕೂದಲೆಳೆ ಹೆಚ್ಚಾಯಿತು. ಆದರೆ ರುಚಿ ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಖಾಲಿ ಲೋಟದಲ್ಲಿ ಬೆಲ್ಲವೂ ಮರವೂ ಮಾರನೆಯ ಬೆಳಗಿನವರೆಗೆ ಇದ್ದವು.

ಬಿಳಿ ಚೀಟಿಯದು ಎಳೆಯದು. ಸುಟ್ಟ ಜೋಳದ ತೆನೆಯ ವಾಸನೆ ಅದರಲ್ಲಿ ಎದ್ದು ಕಾಣುತ್ತದೆ, ಸಿಹಿ ಸರಳ, ಖಾರ ಕೊಂಚ ಒರಟು, ಬೇಗ ಮುಗಿದುಹೋಗುತ್ತದೆ. ಆದರೆ ಚೊಕ್ಕ, ದೋಷವೆಂದು ಬೆರಳಿಡಲು ಏನೂ ಇಲ್ಲ. ಐವರಲ್ಲಿ ಇಬ್ಬರು ಇದಕ್ಕೇ ಹೆಚ್ಚು ಅಂಕ ಕೊಟ್ಟರು, ಅವರ ಆಯ್ಕೆಯನ್ನು ತಪ್ಪೆನ್ನಲು ನಮಗೆ ಕಾರಣವಿಲ್ಲ. ಪೇಟೆಯದು ಮೂಗಿಗೆ ಹಿತ, ನಾಲಿಗೆಗೆ ಬರಿಯ ಸಿಹಿ, ಕ್ಷಣದಲ್ಲಿ ಮಾಯ. ಖಾಲಿ ಲೋಟದಲ್ಲಿ ಏನೂ ಉಳಿಯಲಿಲ್ಲ. ನಾವು ಕೆಂಟಕಿಯಲ್ಲಿ ಮನೆ ಮಾಡಿಕೊಂಡಿದ್ದರೆ ನಿತ್ಯಕ್ಕೆ ಬಿಳಿ ಚೀಟಿಯನ್ನೂ, ನೆಂಟರು ಬಂದಾಗ ನಾಬ್ ಕ್ರೀಕನ್ನೂ ಇಟ್ಟುಕೊಳ್ಳುತ್ತಿದ್ದೆವು. ಒಂಬತ್ತು ವರ್ಷದ್ದು ಕೊಟ್ಟ ಬೆಲೆಗೆ ಮೋಸವಿಲ್ಲ. ಆದರೆ ಬೆಲೆ ಎರಡರಷ್ಟಾದರೂ ರುಚಿ ಎರಡರಷ್ಟಾಗಿಲ್ಲ. ವಯಸ್ಸು ಕೊಟ್ಟದ್ದು ಉದ್ದವನ್ನು, ಅದರ ಜೊತೆಗೆ ಒಗರನ್ನು.

ವಯಸ್ಸೆಂಬುದರ ವ್ಯಾಮೋಹ ಅಲ್ಲಿಯೂ ಕಡಮೆಯಿಲ್ಲ. ನಾಬ್ ಕ್ರೀಕನ್ನು 1992ರಲ್ಲಿ ಪೇಟೆಗೆ ತಂದವರು ಜಿಮ್ ಬೀಮ್ ಮನೆತನದ ಬುಕರ್ ನೋ. ಲಿಂಕನ್ನರು ಬಾಲ್ಯದಲ್ಲಿ ವಾಸವಿದ್ದ ತೊರೆಯ ಹೆಸರನ್ನೇ ಅದಕ್ಕಿಟ್ಟರು. 1970ರ ದಶಕದಿಂದ ಬರ್ಬನ್ನಿಗೆ ಗಿರಾಕಿ ಕಡಮೆಯಾಗಿ ಉಗ್ರಾಣಗಳಲ್ಲಿ ಹಳೆಯ ಸರಕು ಕೊಳೆತಂತೆ ಬಿದ್ದಿದ್ದ ಕಾಲ ಆಗಿನ್ನೂ ಮುಗಿದಿರಲಿಲ್ಲ, ವಯಸ್ಸಾದ ವಿಸ್ಕಿ ಅಗ್ಗವಾಗಿತ್ತು. ಆಮೇಲೆ ಬೇಡಿಕೆ ಏರಿತು. ಒಂಬತ್ತು ವರ್ಷದ ಹಿಂದೆ ತುಂಬಿಡದ ಪೀಪಾಯಿಯನ್ನು ಇಂದು ಎಲ್ಲಿಂದ ತರುವುದು? 2016ರಲ್ಲಿ ಚೀಟಿಯ ಮೇಲಿನ ಒಂಬತ್ತರ ಅಂಕೆಯನ್ನು ತೆಗೆದರು. ಅದೇ ವರ್ಷ ಎಲೈಜಾ ಕ್ರೇಗ್ ಎಂಬ ಇನ್ನೊಂದರ ಹನ್ನೆರಡರ ಅಂಕೆಯೂ ಹೋಯಿತು. ನಾಬ್ ಕ್ರೀಕಿಗೆ 2020ರಲ್ಲಿ ಅಂಕೆ ಮರಳಿ ಬಂತು, ಅಷ್ಟರಲ್ಲಿ ಪೀಪಾಯಿಗಳು ಮಾಗಿದ್ದವು. ಇಂದು ನೆಟ್ಟ ಸಸಿ ಫಸಲು ಕೊಡುವ ಹೊತ್ತಿಗೆ ಬೆಲೆ ಏನಿರುತ್ತದೋ ಎಂಬ ನಮ್ಮ ಅಡಿಕೆಯ ಲೆಕ್ಕವೇ ಅವರದೂ. ಈಗ ಕೆಂಟಕಿಯ ಉಗ್ರಾಣಗಳಲ್ಲಿ ಒಂದು ಕೋಟಿ 40 ಲಕ್ಷಕ್ಕೂ ಹೆಚ್ಚು ಪೀಪಾಯಿ ಕೂತಿವೆ. ಮತ್ತೆ ಅಗ್ಗದ ಕಾಲ ಬರಬಹುದೋ ಏನೋ.

ಅಂಕೆ ಹೋದಾಗ ಗೊಣಗಿದವರಲ್ಲಿ ಎಷ್ಟು ಮಂದಿ ಚೀಟಿ ಮುಚ್ಚಿದರೆ ವ್ಯತ್ಯಾಸ ಹೇಳಬಲ್ಲವರಿದ್ದರೋ ನಾವರಿಯೆವು. ಆದರೂ ಅಂಕೆ ಇರಬೇಕೆಂಬ ಕಡೆಗೇ ನಮ್ಮ ಮತ. ಅದು ರುಚಿಯ ಸಾಕ್ಷಿಯಲ್ಲ, ಮಾರುವವನ ಪ್ರಾಮಾಣಿಕತೆಯ ಸಾಕ್ಷಿ. ಕೊಳ್ಳುವವನಿಗೆ ಎರಡೂ ಬೇಕು, ಆದರೆ ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಪದಕದ ಕಥೆ ಇದಕ್ಕಿಂತ ವಿಚಿತ್ರ. ಹೆನ್ರಿ ಮೆಕೆನ್ನಾ ಎಂಬ ಹತ್ತು ವರ್ಷದ ಬರ್ಬನ್ ಒಂದುಂಟು, ಹೆವೆನ್ ಹಿಲ್ ಕಂಪನಿಯದು. ಬಿಳಿ ಚೀಟಿಯ ಇವಾನ್ ವಿಲಿಯಮ್ಸ್ ಕೂಡ ಅವರದೇ. 35 ಡಾಲರ್ ಆಸುಪಾಸಿಗೆ ಅಂಗಡಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಸರಕು. 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವ ಮದ್ಯ ಸ್ಪರ್ಧೆಯಲ್ಲಿ, ಹೆಸರು ಮುಚ್ಚಿ ನಡೆಸಿದ ಪರೀಕ್ಷೆಯಲ್ಲಿ, ಎಲ್ಲ ವಿಸ್ಕಿಗಳನ್ನೂ ಮೀರಿಸಿ ಮೊದಲ ಸ್ಥಾನ ಪಡೆಯಿತು. ತೀರ್ಪುಗಾರರು ನ್ಯಾಯವಾಗಿಯೇ ನಡೆದುಕೊಂಡಿದ್ದರು. ಆಮೇಲೆ ನಡೆದದ್ದು ಮಾತ್ರ ರುಚಿಯ ವ್ಯವಹಾರವಲ್ಲ. ಕಪಾಟುಗಳು ಬರಿದಾದವು, ಸಿಕ್ಕಲ್ಲಿ ಬೆಲೆ ದುಪ್ಪಟ್ಟಾಯಿತು. ಇದರಲ್ಲಿ ಯಾರೂ ಗಮನಿಸದ ಒಂದು ಅಂಶವಿದೆ. ಅದು ಒಂದೊಂದು ಪೀಪಾಯಿಯನ್ನು ಬೇರೆಬೇರೆಯಾಗಿ ಶೀಸೆಗಿಳಿಸುವ ಬರ್ಬನ್, ಬೆರಕೆಯಿಲ್ಲ. ಪದಕ ಗೆದ್ದದ್ದು ಒಂದು ಪೀಪಾಯಿ, ಜನ ಮುಗಿಬಿದ್ದು ಕೊಂಡದ್ದು ಬೇರೆ ಪೀಪಾಯಿಗಳನ್ನು! ನಮ್ಮಲ್ಲಿಯೂ ಒಂದು ತೋಟದ ಒಂದು ಲಾಟಿಗೆ ಬಹುಮಾನ ಬಂದರೆ ಸುತ್ತಲಿನವರೆಲ್ಲ ನಮ್ಮದೂ ಅದೇ ಮಣ್ಣು, ಅದೇ ಮಳೆ ಎನ್ನುತ್ತೇವೆ. ಮಣ್ಣು ಮಳೆ ಒಂದೇ ಇರಬಹುದು, ಹುದುಗುವ ತೊಟ್ಟಿಯನ್ನು ಯಾವ ಗಂಟೆಗೆ ತೊಳೆದೆವೆಂಬುದು ಒಂದೇ ಅಲ್ಲ.

ಹಳತಾದಷ್ಟೂ ಒಳ್ಳೆಯದೆಂಬ ಮಾತು ಎಲ್ಲಿ ನಿಜ, ಎಲ್ಲಿ ಸುಳ್ಳೆಂಬುದು ನಮ್ಮ ಮನೆಯ ಅಟ್ಟದಲ್ಲಿಯೇ ಇದೆ. ಘಟ್ಟದ ಕೆಳಗಿನ ಚಾಲಿ ಅಡಿಕೆ ಒಂದು ಮಳೆಗಾಲ ದಾಟಿ ಹಳತಾದರೆ ಬೆಲೆ ಏರುತ್ತದೆ, ಡಬ್ಬಲ್ ಚೋಲಾದರೆ ಇನ್ನೂ ಮೇಲೆ. ಅದೇ ಮಳೆಗಾಲ ಮೂಟೆಯೊಳಗಿನ ಕಾಫಿಗೆ ತಗಲಿದರೆ ಬೀಜ ಬಿಳಿಚಿ, ಗೋಣಿಯ ವಾಸನೆ ಹಿಡಿದು, ಬೆಲೆ ಇಳಿಯುತ್ತದೆ. ಹಾಗಿದ್ದೂ ಕರಾವಳಿಯ ಉಗ್ರಾಣಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕೆಂದೇ ಮಳೆಗಾಳಿಗೆ ಹರಡಿ, ಕೆದಕಿ, ಊದಿಸಿ ಮಾಡಿದ ಮಾನ್ಸೂನ್ಡ್ ಮಲಬಾರ್ ಕಾಫಿಯನ್ನು ಹೊರದೇಶದವರು ಹೆಚ್ಚಿನ ಬೆಲೆಗೆ ಕೊಳ್ಳುತ್ತಾರೆ. ಕಾಲ ಒಂದೇ, ಮಳೆ ಒಂದೇ. ಕೆಟ್ಟಿತೋ ಮಾಗಿತೋ ಎಂದು ಹೇಳಬೇಕಾದದ್ದು ನಾಲಿಗೆ.

ಆ ನಾಲಿಗೆಯನ್ನು ನಾವು ಕಳೆದುಕೊಂಡದ್ದು ಹೇಗೆ? ನಮ್ಮ ತಂದೆಯವರ ಕಾಲದಲ್ಲಿ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಕೊಡಬೇಕಾಗಿತ್ತು. ಒಳ್ಳೆಯದು ಕೆಟ್ಟದ್ದು ನೋಡುವವರು ಅಲ್ಲಿದ್ದರು, ಬೆಳೆಗಾರನಿಗೆ ಉಳಿಯುತ್ತಿದ್ದದ್ದು ಕಂತಿನ ಹಣಕ್ಕೆ ಕಾಯುವ ಕೆಲಸ. ನಾವು ಓದು ಮುಗಿಸಿ ತೋಟಕ್ಕೆ ಬಂದಾಗ ಆ ಪದ್ಧತಿ ಕಳಚುತ್ತಿತ್ತು, 1996ರ ಹೊತ್ತಿಗೆ ಪೂರ್ತಿ ಹೋಯಿತು. ಮಾರುವ ಸ್ವಾತಂತ್ರ್ಯವೇನೋ ಬಂತು, ರುಚಿ ನೋಡುವ ಅಭ್ಯಾಸ ಮಾತ್ರ ಅದರ ಜೊತೆಗೆ ಬರಲಿಲ್ಲ. ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಒಳ್ಳೆಯ ಪಾರ್ಚ್‌ಮೆಂಟನ್ನು ಮೂಟೆ ಕಟ್ಟಿ ಕಳುಹಿಸಿ, ಉದುರು ಕಾಯಿಯನ್ನೂ ಒಡಕು ಬೀಜವನ್ನೂ ಹುರಿದು ಚಿಕರಿ ಸೇರಿಸಿ ಕುಡಿಯುತ್ತಾರೆ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ.

ಹಿರಿಯ ಸದಸ್ಯರ ಪ್ರಶ್ನೆಗೆ ಬರೋಣ. ರುಚಿ ಅವರವರ ಬಾಯಿಗೆ ಬಿಟ್ಟದ್ದೆಂಬ ಅವರ ಮಾತು ಅರ್ಧ ನಿಜ. ಇವಾನ್ ವಿಲಿಯಮ್ಸ್ ಮೆಚ್ಚಿದ ಇಬ್ಬರನ್ನು ನಾವು ಒಪ್ಪಿಸಲಾರೆವು, ಒಪ್ಪಿಸಬೇಕಾಗಿಯೂ ಇಲ್ಲ. ಆದರೆ ಕಡಲೆಕಾಯಿ ವಾಸನೆ ಇದೆಯೋ ಇಲ್ಲವೋ, ಒಗರು ಹೆಚ್ಚೋ ಕಡಮೆಯೋ, ಈ ಎರಡು ಲೋಟ ಒಂದೇ ಸರಕೋ ಬೇರೆಯೋ, ಇವು ಬಾಯಿಗೆ ಬಿಟ್ಟ ಮಾತುಗಳಲ್ಲ, ಅಭ್ಯಾಸದಿಂದ ಗೊತ್ತಾಗುವ ಸಂಗತಿಗಳು. ಹುಳಿತ ವಾಸನೆಯೂ ಅಂಥದೇ. ಖರೀದಿದಾರರ ಚೀಟಿಗೆ ಇದೆ ಎಂದೋ ಇಲ್ಲ ಎಂದೋ ಉತ್ತರ ಬರೆಯುವ ನಾಲ್ಕು ಮಂದಿ ನಮ್ಮಲ್ಲಿದ್ದರೆ ಆ ಎರಡೆಕರೆಯವರ ಪರವಾಗಿ ಮಾತಾಡಲು ನಮಗೆ ಬಾಯಿ ಇರುತ್ತಿತ್ತು. ವಾಸನೆ ನಿಜವಾಗಿಯೂ ಇದ್ದಿದ್ದರೆ ಯಾರ ತೊಟ್ಟಿಯದೆಂದು ಹುಡುಕಿ, ಉಳಿದಿಬ್ಬರ ಕಾಫಿಯನ್ನಾದರೂ ಬೇರೆ ಮಾಡಬಹುದಿತ್ತು. ಜಗಲಿಯ ಮೇಲೆ ಒಂದೇ ದಿನದಲ್ಲಿ ಐವರು ಮೂಢರು ನಾಲ್ವರು ಬಲ್ಲವರಾದರು. ಅದಕ್ಕೆ ಬೇಕಾದದ್ದು ಮುಚ್ಚಿದ ಹೆಸರು, ತೊಳೆದ ಬಾಯಿ, ಮತ್ತೊಮ್ಮೆ ಮಾಡುವ ತಾಳ್ಮೆ ಇಷ್ಟೇ.

ರೋಸ್ಟರಿನ ವಿಷಯ ಮುಂದಿನ ಸಭೆಯಲ್ಲಿ ಮತ್ತೆ ಬರುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂರದೆ, ನಮ್ಮ ಮನೆಯ ಬಾಣಲೆಯಲ್ಲಿಯೇ ಹುರಿದು ನೋಡುವುದೆಂದು ತೀರ್ಮಾನಿಸಿದ್ದೇವೆ. ಇಷ್ಟವುಳ್ಳ ಸದಸ್ಯರು ಕಾಲು ಕೆ.ಜಿ. ಪಾರ್ಚ್‌ಮೆಂಟನ್ನು ಕಾಗದದ ಪೊಟ್ಟಣದಲ್ಲಿ ಕಚೇರಿಗೆ ತಲುಪಿಸಬೇಕು. ಪೊಟ್ಟಣದ ಮೇಲೆ ಹೆಸರು ಬರೆಯಕೂಡದು, ಗುಮಾಸ್ತರು ನಂಬರು ಹಾಕಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಪುಸ್ತಕವನ್ನು ನಾವು ನೋಡುವುದಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಎಲೆಯಡಿಕೆ ಹಾಕದೆ ಬಂದವರಿಗೆ ಬಟ್ಟಲೂ ಚಮಚವೂ ಸಿದ್ಧವಿರುತ್ತವೆ. ಹಿರಿಯ ಸದಸ್ಯರು ಮೊದಲ ಶನಿವಾರವೇ ಬರಬೇಕೆಂದು ನಮ್ಮ ವಿಶೇಷ ಪ್ರಾರ್ಥನೆ. ಬರ್ಬನ್ ಕೇಳಿಕೊಂಡು ಮಾತ್ರ ಯಾರೂ ಬರಬಾರದು, ಅದು ಮುಗಿದಿದೆ.